ಹಲಗೆ ಮಾವನ ಬಯಲು

ಊರಿನವರೆಲ್ಲ ಅವನನ್ನು ಹಲಗೆ ಮಾವ ಎನ್ನುತ್ತಿದ್ದರು. ಹೊಳೆ ಸಮುದ್ರ ಸೇರುವಲ್ಲಿ, ಗದ್ದೆಬಯಲಿಗೂ ಉಪ್ಪುನೀರಿಗೂ ನಡುವಿನ ಮಣ್ಣಿನ ಏರಿಯಲ್ಲಿ ಒಂದು ತೂಬಿತ್ತು. ಅದಕ್ಕೆ ಆರು ಮರದ ಹಲಗೆ. ಮಳೆಗಾಲದಲ್ಲಿ ಹಲಗೆ ಇಳಿಸಿ ಉಬ್ಬರ ತಡೆದರೆ ಒಳಗೆ ಭತ್ತ. ಕೊಯ್ಲಾದ ಮೇಲೆ ಎತ್ತಿಬಿಟ್ಟರೆ ಉಪ್ಪುನೀರಿನ ಜೊತೆ ಸಿಗಡಿ, ಮೀನು ತಾವಾಗಿಯೇ ಬಂದು ಬೆಳೆಯುತ್ತಿದ್ದವು. ಮಾವ ಬೊಗಸೆಯಲ್ಲಿ ನೀರೆತ್ತಿ, ಒಂದು ಗುಟುಕು ಬಾಯಿಗೆ ಹಾಕಿ ಉಪ್ಪು ನೋಡಿ ಉಗುಳಿ, "ಇನ್ನೆರಡು ದಿನ ಕಾಯಿರಿ" ಎಂದರೆ ಇಡೀ ಬಯಲು ಕಾಯುತ್ತಿತ್ತು. ಸ್ವಂತಕ್ಕೆ ಗೇಣು ನೆಲವಿಲ್ಲದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ.

ಈ ವಿದ್ಯೆ ಕಲಿಸಿದ್ದು ಅವನ ಸೋದರತ್ತೆ. ಮದುವೆಯ ದಿನ ಊಟಕ್ಕೆ ಕೂತಿದ್ದವನನ್ನು ಎಬ್ಬಿಸಿ, "ನಿನ್ನ ಮದುವೆ ಅಂತ ಉಬ್ಬರ ಕಾಯಲ್ಲ ಕಣೋ, ನಡಿ" ಎಂದು ಹೊಸ ಬಟ್ಟೆಯಲ್ಲೇ ಕೆಸರಿಗಿಳಿಸಿದ್ದಳು. "ನನ್ನ ಕೈ ಹಿಡಿದಿದ್ದು ಒಂದು ದಿನ, ಹಲಗೆ ಹಿಡಿದಿದ್ದು ಜನ್ಮಪೂರ್ತಿ" ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಆಮೇಲೆ ಸಿಗಡಿ ಕಂಪನಿಯವರು ಬಂದರು. ಗದ್ದೆಯವರು ಒಬ್ಬರ ಹಿಂದೊಬ್ಬರು ಗುತ್ತಿಗೆಗೆ ಕೊಟ್ಟರು. ಕೊಡದವರ ಗದ್ದೆಗೂ ಪಕ್ಕದಲ್ಲಿ ತೋಡಿದ ಸಿಗಡಿ ಕೊಳದ ಉಪ್ಪು ಜಿನುಗಿ, ಕೊನೆಗೆ ಅವರೂ ಕೊಟ್ಟರು. ಜೆಸಿಬಿ ಬದುಗಳನ್ನೆಲ್ಲ ಅಳಿಸಿ ದೊಡ್ಡ ಕೊಳಗಳನ್ನು ತೋಡಿತು. ವರ್ಷವಿಡೀ ಉಪ್ಪುನೀರು, ಅದಕ್ಕೆ ಪಂಪು. ತೂಬಿಗೆ ಸಿಮೆಂಟು ಮೆತ್ತಿದರು.

ಮಾವನಿಗೆ ಅಲ್ಲೇ ಕಾವಲು ಕೆಲಸ ಸಿಕ್ಕಿತು: ನೀಲಿ ಅಂಗಿ, ಒಂದು ಸೀಟಿ. ಚಿಪ್ಪು ಆರಿಸಲು ಹೊಳೆಗೆ ಹೋಗುವ ಹೆಂಗಸರನ್ನು ಏರಿ ಹತ್ತಲು ಬಿಡಬಾರದು. ಅವರೆಲ್ಲ ಅವನಿಗೆ ಅಕ್ಕ, ಅತ್ತಿಗೆ ಆಗಬೇಕಾದವರು. ಅವರನ್ನು ಕಂಡರೆ ಸೀಟಿ ಊದದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಹಿಂದೆ ಬಯಲು ಬತ್ತಿಸಿ ಮೀನು ಹಿಡಿಯುವ ದಿನ ಇಡೀ ಊರು ಇಲ್ಲಿ ಇಳಿಯುತ್ತಿತ್ತು. ಮೇಷ್ಟ್ರು ಕೂಡ ಶಾಲೆಗೆ ರಜೆ ಕೊಟ್ಟು, ಬುಟ್ಟಿ ಹಿಡಿದು ಮಂಡಿಯವರೆಗೆ ಕೆಸರಾಗಿ ನಿಲ್ಲುತ್ತಿದ್ದರು. ಈಗ ಪಂಪಿನ ಸದ್ದೊಂದೇ.

ಎರಡನೇ ಬೇಸಿಗೆಯಲ್ಲಿ ಹೆಂಡತಿ ಬಾವಿನೀರಿನ ಲೋಟವನ್ನು ಅವನ ಮುಂದಿಟ್ಟಳು. "ಚಹಾಕ್ಕೆ ಹಾಲು ಹಾಕಿದ್ರೆ ಒಡೀತಿದೆ. ನೀವೇ ನೋಡಿ ಹೇಳಿ."

ಈ ಸಲ ಮಾವ ಉಗುಳಲಿಲ್ಲ, ನುಂಗಿದ. "ಕೊಳದ ಉಪ್ಪು" ಎಂದ.

ಮರುದಿನ ಸೂಪರ್‌ವೈಸರನ ಬಳಿ ಹೋಗಿ, ಬಾವಿ ಕೆಡುತ್ತಿದೆ, ಕೊಳದ ತಳ ಗಟ್ಟಿ ಮಾಡಿಸಿ ಎಂದು ಕೇಳಿಕೊಂಡ. ಆತ ಕೆಟ್ಟವನೇನಲ್ಲ, ಕುರ್ಚಿ ಕೊಟ್ಟು ಕೂರಿಸಿದ. "ಲ್ಯಾಬ್ ರಿಪೋರ್ಟ್ ಇದೆಯಾ ಮಾವ? ನಿಮ್ಮ ನಾಲಿಗೆ ನಂಬಿ ಮೇಲಿನವರಿಗೆ ನಾನು ಏನಂತ ಬರೀಲಿ?"

ಮಾವ ನೀಲಿ ಅಂಗಿ ಬಿಚ್ಚಿ, ನೀಟಾಗಿ ಮಡಚಿ ಮೇಜಿನ ಮೇಲಿಟ್ಟು, ಬನಿಯನ್ನಿನಲ್ಲೇ ಮನೆಗೆ ಬಂದ.

ಐದನೇ ವರ್ಷ ಕೊಳಗಳಿಗೆ ರೋಗ ತಗುಲಿತು. ಸಿಗಡಿಗಳ ಮೈಮೇಲೆ ಬಿಳಿ ಚುಕ್ಕೆ ಎದ್ದು, ವಾರದೊಳಗೆ ದಡದಲ್ಲಿ ರಾಶಿ ಬಿದ್ದವು. ಕಂಪನಿಯವರು ಪಂಪು, ಪೈಪು ಕಿತ್ತುಕೊಂಡು ಗಂಟುಮೂಟೆ ಕಟ್ಟಿದರು. ಗದ್ದೆಯವರು ತಲೆತಗ್ಗಿಸಿ ಮಾವನ ಜಗಲಿಗೆ ಬಂದರು. ನಾಲ್ಕು ಮಾತು ಆಡಿಬಿಡಬಹುದಿತ್ತು. ಅವನು ತೂಬಿನ ಕಡೆ ಕೈ ತೋರಿಸಿದ.

"ಸಿಮೆಂಟು ಒಡೀರಿ. ಮಳೆನೀರು ತುಂಬಿಸಿ, ಇಳಿತದಲ್ಲಿ ಬಿಡೋಣ. ಮೂರು ಮಳೆಗಾಲ ತೊಳೀಬೇಕು. ಆಮೇಲೂ ಎಲ್ಲಾ ಗದ್ದೆ ಬರುತ್ತೆ ಅಂತ ನಾನು ಹೇಳಲಾರೆ."

ಹಾಗೇ ಆಯಿತು. ಮೊದಲ ವರ್ಷ ಸಸಿ ಸುಟ್ಟುಹೋಯಿತು. ನಾಲ್ಕನೇ ವರ್ಷ ಮೇಲಿನ ಗದ್ದೆಗಳು ತೆನೆ ಕಟ್ಟಿದವು. ಕೆಳಗಿನವು ನೀರಲ್ಲೇ ಉಳಿದವು. ಬಾವಿ ಸಿಹಿಯಾಗಲಿಲ್ಲ. ಹೆಂಡತಿ ಈಗಲೂ ರಸ್ತೆಯ ನಲ್ಲಿಯಿಂದಲೇ ಕೊಡ ಹೊತ್ತು ತರುತ್ತಾಳೆ.

ಕೊಯ್ಲಿನ ದಿನ, ಕೊಳಗಳಿದ್ದ ಕಾಲದಲ್ಲಿ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಸೊಸೆ ಕುಡುಗೋಲು ಹಿಡಿದು ದಿಕ್ಕು ತೋಚದೆ ನಿಂತಿದ್ದಳು. ಬದುವಿಲ್ಲದ ಬಯಲಲ್ಲಿ ಯಾರ ಗದ್ದೆ ಯಾವುದೋ. ಮಾವ ಬರಿಗಾಲಲ್ಲಿ ನಡೆಯುತ್ತ ತೋರಿಸಿದ.

"ಇದು ಉದ್ದಗದ್ದೆ. ಇದು ಜಗಳದ ಗದ್ದೆ, ಇದಕ್ಕೋಸ್ಕರ ಅಣ್ಣತಮ್ಮ ಹತ್ತು ವರ್ಷ ಮಾತು ಬಿಟ್ಟಿದ್ರು. ಅಲ್ಲಿ ನೀರು ನಿಂತಿದೆಯಲ್ಲ, ಅದು ಬಾಣಂತಿ ಗದ್ದೆ. ನಿನ್ನ ಅತ್ತೆಯ ಅತ್ತೆ ನಾಟಿ ಮಾಡ್ತಾ ಮಾಡ್ತಾ ನಿನ್ನ ಗಂಡನ ಅಪ್ಪನ್ನ ಅಲ್ಲೇ ಹೆತ್ತಿದ್ದು."

ಅವಳು ಆ ನೀರನ್ನೇ ನೋಡುತ್ತ ನಿಂತಳು. "ಇನ್ನೊಂದ್ಸಲ ಹೇಳಿ ಮಾವ, ಮೊದಲಿಂದ."

ಮಾವ ಮತ್ತೆ ಉದ್ದಗದ್ದೆಯ ತುದಿಗೆ ನಡೆದ.