ತೊಂಬತ್ತರಲ್ಲಿ ಒಂದು ಕೆಂಪು ಟೋಕನ್

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ಹೆರಿಗೆ ವಿಭಾಗದ ಕಾರಿಡಾರಿನಲ್ಲಿ ನೆಲ ಒರೆಸಿದ ಹಸಿ ಇನ್ನೂ ಆರಿಲ್ಲ. ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕನ್ನಡಕ ಹಣೆಗೇರಿಸಿ ಕಂಪ್ಯೂಟರ್ ಮುಂದೆ ಕುಳಿತ ಐವತ್ತೆರಡರ ನರ್ಸ್ ಒಂದೇ ಒಂದು ವರದಿಗಾಗಿ ಕಾಯುತ್ತಿದ್ದಾರೆ. ಬೇಕರಿಯವನ ಹೆಂಡತಿಯದು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು, ಈಗ ಐದನೇ ತಿಂಗಳು. ಹೊಟ್ಟೆಯಲ್ಲಿರುವ ಮಗುವಿಗೆ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್ ಇದೆಯೋ ಇಲ್ಲವೋ ಎಂಬುದನ್ನು ಈ ವರದಿ ಹೇಳಬೇಕು.

"ಒಂಬತ್ತಕ್ಕೆ ವರದಿ ತಾನಾಗೇ ಅವರ ಮೊಬೈಲಿಗೆ ಹೋಗ್ಬಿಡುತ್ತೆ. ಅದಕ್ಕಿಂತ ಮುಂಚೆ ನನ್ನ ಫೋನ್ ಹೋಗ್ಬೇಕು. ಕಾಗದ ಹೇಳೋದಕ್ಕೂ ಮನುಷ್ಯರು ಹೇಳೋದಕ್ಕೂ ವ್ಯತ್ಯಾಸ ಇಲ್ವಾ?" ಎನ್ನುತ್ತಾರೆ. ಅವರ ಡ್ಯೂಟಿ ಶುರುವಾಗುವುದು ಎಂಟೂವರೆಗೆ. ಎರಡು ಗಂಟೆ ಮುಂಚೆ ಬಾ ಎಂದು ಹೇಳಿದವರಿಲ್ಲ, ಬಂದದ್ದನ್ನು ಕಂಡವರೂ ಇಲ್ಲ.

ಬಸುರಿಯರ ಬಾಯಲ್ಲಿ ಇವರು ಟೋಕನ್ ಅಕ್ಕ. ಆ ಹೆಸರಿಗೆ ಕಾರಣ ಮೇಜಿನ ಕೆಳಗಿರುವ ಬಿಸ್ಕತ್ ಡಬ್ಬಿ. ಸರದಿ ಕರೆಯುವ ಯಂತ್ರ ಬಂದಾಗ ಹೊರರೋಗಿ ವಿಭಾಗದ ಬಿಳಿ ಪ್ಲಾಸ್ಟಿಕ್ ಟೋಕನ್‌ಗಳು ಕಸದ ಪಾಲಾಗುತ್ತಿದ್ದವು. ಇವರು ಮುನ್ನೂರನ್ನು ಆಯ್ದುಕೊಂಡು, ಒಂದಕ್ಕೆ ಮಾತ್ರ ಮಗಳ ಉಗುರುಬಣ್ಣ ಬಳಿದರು. ಹನ್ನೊಂದು ವರ್ಷದಿಂದ ಅದೇ ಅವರ ಪಾಠಶಾಲೆ. ವಾರಕ್ಕೆ ಐದಾರು ಮಂದಿ 'ಹೈ ರಿಸ್ಕ್' ಎಂದು ಕೆಂಪಕ್ಷರದಲ್ಲಿ ಅಚ್ಚಾದ ರಕ್ತ ಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. ಹೊರಗೆ ನಲವತ್ತು ಜನ ಕಾದಿರುವಾಗ ಡಾಕ್ಟರ್ ಹತ್ತು ನಿಮಿಷ ವಿವರಿಸುತ್ತಾರೆ. ಆ ಎರಡು ಪದ ಓದಿದ ಮೇಲೆ ಆ ವಿವರಣೆ ಯಾರ ತಲೆಗೂ ಇಳಿಯುವುದಿಲ್ಲ.

ಮೂರು ವಾರದ ಹಿಂದೆ ಬೇಕರಿಯವನು, ಅವನ ಹೆಂಡತಿ, ಅವಳ ಅತ್ತೆ ಹೀಗೆಯೇ ಬಂದಿದ್ದರು. ವರದಿಯಲ್ಲಿದ್ದದ್ದು 'ತೊಂಬತ್ತರಲ್ಲಿ ಒಂದು'.

"ಕೆಂಪಲ್ಲಿ ಬರೆದ್ಮೇಲೆ ಇನ್ನೇನಿದೆಯಮ್ಮ, ಮುಗೀತಲ್ಲ" ಎಂದು ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಟೋಕನ್ ಅಕ್ಕ ಮೊದಲು ನೋಡಿದ್ದು ರಕ್ತ ಕೊಟ್ಟಾಗ ತುಂಬಿದ ಫಾರಂ. ವಯಸ್ಸು, ತೂಕ, ಬಸಿರಿನ ವಾರಗಳು. ಎಲ್ಲ ಸರಿಯಾಗಿತ್ತು. ಆಮೇಲೆ ಮೇಜಿನ ಮೇಲೆ ತೊಂಬತ್ತು ಟೋಕನ್ ಎಣಿಸಿಟ್ಟರು. ಒಂದು ಕೆಂಪು, ಉಳಿದವು ಬಿಳಿ.

"ನಿಮ್ಮಂಥದೇ ವರದಿ ಬಂದ ತೊಂಬತ್ತು ಅಮ್ಮಂದಿರು ಇವ್ರು. ಕಾಗದದಲ್ಲಿ ಎಲ್ಲರಿಗೂ ಕೆಂಪೇ. ತೊಂದರೆ ಇರೋದು ಇಷ್ಟರಲ್ಲಿ ಒಂದು ಮಗುವಿಗೆ." ನಂತರ ಗಂಡನ ಕಡೆ ತಿರುಗಿದರು. "ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯೋದೆಲ್ಲ ಕಲ್ಲೇನಪ್ಪಾ?"

"ಎಲ್ಲಿ ಕಲ್ಲು? ಜಾಸ್ತಿ ಹಿಟ್ಟಿನ ಗಂಟೇ ಇರುತ್ತೆ."

"ಮತ್ತೇನು ಮಾಡ್ತೀಯಾ?"

"ಹಿಸುಕಿ ನೋಡ್ತೀನಿ."

"ಈ ರಕ್ತ ಪರೀಕ್ಷೆ ಬರೀ ಜರಡಿ. ಹಿಸುಕಿ ನೋಡೋದು ಇನ್ನೂ ಬಾಕಿ ಇದೆ."

ಖಚಿತಪಡಿಸಲು ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆಯಲ್ಲಿ ಬಸಿರಿಗೆ ತುಸು ಅಪಾಯವಿದೆ ಎಂಬುದನ್ನೂ ಅಕ್ಕ ಮುಚ್ಚಿಡಲಿಲ್ಲ. ಮಾಡಿಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ವಾರ ಯೋಚಿಸಿ ಸೊಸೆಯೇ ಒಪ್ಪಿದಳು; ಇಂದು ಬರಬೇಕಾದದ್ದು ಅದರದೇ ವರದಿ. ಮೊದಲ ದಿನ ಅವರು ಹೋದ ಮೇಲೆ ಅಕ್ಕ ಟೋಕನ್ ಎಣಿಸಿದಾಗ ಎಂಬತ್ತೊಂಬತ್ತೇ ಇದ್ದವು. ಒಂದು ಬಿಳಿ ಕಾಣೆಯಾಗಿತ್ತು.

ಅಕ್ಕನಿಗೆ ಇದು ಹೊಸದಲ್ಲ. ಕಣ್ತಪ್ಪಿಸಿ ಬಿಳಿ ಟೋಕನ್ ಒಯ್ದವರು ಎಷ್ಟೋ ಮಂದಿ. ಹೋದವುಗಳ ಬದಲಿಗೆ ಅಕ್ಕ ಹಾಕಿಟ್ಟ ಬಿಳಿ ಅಂಗಿಗುಂಡಿಗಳೇ ಮುನ್ನೂರರಲ್ಲಿ ಈಗ ಅರ್ಧದಷ್ಟು. ಕೆಂಪನ್ನು ಒಯ್ದವಳು ಒಬ್ಬಳು ಮಾತ್ರ. ಅವಳ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದದ್ದು ಖಚಿತವಾದ ದಿನ ಬಂದು, "ಇದು ನಂದು ಅಕ್ಕಾ" ಎಂದು ಕೇಳಿಯೇ ಒಯ್ದಳು; ಅಕ್ಕ ಇನ್ನೊಂದು ಬಿಳಿಗೆ ಬಣ್ಣ ಬಳಿದರು. ಅವಳಿಗೆ ಹುಟ್ಟಿದ ಹುಡುಗಿಗೆ ಈಗ ಆರು ವರ್ಷ. ಬಂದಾಗಲೆಲ್ಲ ಅಕ್ಕನ ಕನ್ನಡಕ ಕಿತ್ತುಕೊಂಡು ಓಡುತ್ತಾಳೆ.

ಬೆಳಗಿನ ಫೋನಿನ ಹಿಂದೆ ಅಕ್ಕನ ಸ್ವಂತ ಕಥೆಯಿದೆ. ಇಪ್ಪತ್ತು ವರ್ಷದ ಹಿಂದೆ, ಮಗಳು ಹೊಟ್ಟೆಯಲ್ಲಿದ್ದಾಗ, ಆಸ್ಪತ್ರೆಯಿಂದ ಯಾರೋ ಫೋನ್ ಮಾಡಿ "ಸೋಮವಾರ ಬನ್ನಿ, ಡಾಕ್ಟರ್ ಮಾತಾಡ್ಬೇಕಂತೆ" ಎಂದು ಇಟ್ಟುಬಿಟ್ಟರು. ಅಂದು ಶುಕ್ರವಾರ. "ಮೂರು ದಿನ ಗಂಟಲಲ್ಲಿ ಅನ್ನ ಇಳೀಲಿಲ್ಲ. ಹೋಗಿ ನೋಡಿದ್ರೆ ಫಾರಂನಲ್ಲಿ ವಾರ ತಪ್ಪು ಬರ್ದಿದ್ರು! ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು. ಅವತ್ತೇ ಅಂದ್ಕೊಂಡೆ, ನಾನು ಫೋನ್ ಮಾಡಿದ್ರೆ ಮೊದಲ ಮಾತಲ್ಲೇ ವಿಷಯ ಹೇಳ್ಬೇಕು ಅಂತ." ಒಳ್ಳೆಯದಾದರೂ ಸರಿ, ಕೆಟ್ಟದಾದರೂ ಸರಿ.

ಏಳಕ್ಕೆ ಹತ್ತು ನಿಮಿಷವಿರುವಾಗ ಪರದೆಯಲ್ಲಿ ವರದಿ ಬೀಳುತ್ತದೆ. ಅಕ್ಕ ಕನ್ನಡಕ ಕೆಳಗಿಳಿಸಿ ಒಮ್ಮೆ ಓದುತ್ತಾರೆ. ಹೆಸರು, ನಂಬರು ತಾಳೆ ನೋಡಿ ಮತ್ತೊಮ್ಮೆ ಓದುತ್ತಾರೆ. ಡಾಕ್ಟರಿಗೆ ಫೋನ್ ಮಾಡಿ ಓದಿ ಹೇಳುತ್ತಾರೆ. ಆಮೇಲೆ ಬೇಕರಿಗೆ.

"ಮಗುವಿಗೆ ಡೌನ್ ಸಿಂಡ್ರೋಮ್ ಇಲ್ಲಮ್ಮ. ನಾನು ಟೋಕನ್ ಅಕ್ಕ."

ಆ ಕಡೆ ತಟ್ಟೆಯೋ ಟ್ರೇಯೋ ನೆಲಕ್ಕೆ ಬಿದ್ದ ಸದ್ದು. "ಏನಂತೆ? ಏನಂತೆ?" ಎಂದು ಅತ್ತೆಯ ಕೂಗು. ಬೇಕರಿಯವನು ಗೊಳೋ ಎಂದು ಅಳುವುದು ಇಡೀ ಕೋಣೆಗೆ ಕೇಳುತ್ತದೆ. ಅಕ್ಕನ ಕಣ್ಣಲ್ಲೂ ನೀರು. ಒರೆಸಿಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ.

ಆಮೇಲೆ ಸೊಸೆಯ ದನಿ ಬರುತ್ತದೆ. "ಅಕ್ಕಾ, ನಿಮ್ಮದೊಂದು ಟೋಕನ್ ನನ್ನ ಹತ್ರ ಇದೆ. ಮೂರು ವಾರದಿಂದ ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ದೆ. ಕದ್ದೆ ಅಂದ್ಕೋಬೇಡಿ. ತಂದ್ಕೊಡ್ಲಾ?"

"ಬೇಡ, ಇರ್ಲಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಳ್ಳೋ ವಯಸ್ಸು ದಾಟಿದ ಮೇಲೆ ಮಗು ಕೈಗೆ ಕೊಡು" ಎಂದು ಅಕ್ಕ ಫೋನ್ ಇಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸಂಬಳದ ಮಾತೂ ಇಲ್ಲ, ಸನ್ಮಾನದ ಮಾತೂ ಇಲ್ಲ. "ಆ ಹೈ ರಿಸ್ಕ್ ಅನ್ನೋದನ್ನ ಕಪ್ಪು ಅಕ್ಷರದಲ್ಲೇ ಅಚ್ಚು ಹಾಕ್ಲಿ, ಸಾಕು. ಬಣ್ಣ ಬಳಿಯೋ ಕೆಲಸ ನನಗಿರ್ಲಿ. ನಾನಾದ್ರೆ ಒಂದಕ್ಕೆ ಮಾತ್ರ ಬಳೀತೀನಿ."

ಹಾಗೆ ಹೇಳಿ ಅವರು ಮನೆಯಿಂದ ತಂದ ತಮ್ಮ ಹಳೆಯ ಅಂಗಿಯಿಂದ ಬಿಳಿ ಗುಂಡಿಯೊಂದನ್ನು ಕತ್ತರಿಸಿ ಡಬ್ಬಿಗೆ ಹಾಕುತ್ತಾರೆ.