ತಣ್ಣೀರಿನ ನಲ್ಲಿ

ದುಬೈಯ ಅಲ್ ನಹ್ದಾದ ಮನೆಗೆ ಬಂದ ಮೊದಲ ದಿನವೇ ತಣ್ಣೀರಿನ ನಲ್ಲಿ ನನ್ನ ಕೈ ಸುಟ್ಟಿತು. ಆಗಸ್ಟ್ ತಿಂಗಳ ಮಧ್ಯಾಹ್ನ. ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಬಾಣಂತಿಗೆ ಮೀಯಿಸುವಷ್ಟು ಬಿಸಿ ನೀರು. ನಾನು ಕಿರುಚಿದ್ದು ಕೇಳಿ ವಿಮಲಕ್ಕ ನಗುತ್ತಾ ಬಂದರು.

"ಅಯ್ಯೋ ಮಾರಾಯ್ತಿ, ಇಲ್ಲಿ ಎಲ್ಲ ಉಲ್ಟಾ. ಟ್ಯಾಂಕ್ ಇರುದು ಟೆರೇಸಿನಲ್ಲಿ, ಬಿಸಿಲಿಗೆ ಕುದೀತದೆ. ಗೀಸರ್ ಆಫ್ ಮಾಡಿಟ್ರೆ ಅದರೊಳಗಿನ ನೀರು ತಣ್ಣಗಿರ್ತದೆ. ಬೇಸಿಗೆ ಮುಗಿಯುವವರೆಗೆ ಕೆಂಪು ನಲ್ಲಿಯದ್ದೇ ತಣ್ಣೀರು, ನೆನಪಿಟ್ಕೋ."

ನೆನಪಿಟ್ಟಿದ್ದೇನೆ. ಓದುವವರೂ ನೆನಪಿಡಬೇಕು, ಏಕೆಂದರೆ ಈ ಹೆಂಗಸನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ವಿಮಲಕ್ಕ ಮಂಗಳೂರಿನವರು, ದುಬೈಗೆ ಬಂದು ಹನ್ನೆರಡು ವರ್ಷ. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ; ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದರು. ಅವರ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ನನಗೂ ನನ್ನ ಗಂಡನಿಗೂ, ಅಡುಗೆಮನೆ ಇಬ್ಬರದ್ದೂ. ಇದಕ್ಕೆ ಇಲ್ಲಿ 'ಶೇರಿಂಗ್' ಎನ್ನುತ್ತಾರೆ. ಬಾಲ್ಕನಿಯಲ್ಲಿ ಅವರದೊಂದು ಕರಿಬೇವಿನ ಗಿಡವಿತ್ತು; ಅವರ ಬಾಯಲ್ಲಿ ಅದು ಬರೀ 'ಬೇವು'. ಇಡೀ ಕಟ್ಟಡದ ಒಗ್ಗರಣೆಗೆ ಅದೇ ಗತಿ. ಎಸಳು ಕೇಳಲು ಬಂದವರನ್ನು ವಿಮಲಕ್ಕ ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲಿಸಿಕೊಂಡು ಮಾತಾಡಿಸಿ, ಆಮೇಲಷ್ಟೇ ಕಿತ್ತು ಕೊಡುತ್ತಿದ್ದರು.

ನನ್ನದು ಮಲ್ಲಿಗೆ. ನಮ್ಮ ಮನೆ ಕುಂದಾಪುರದ ಹತ್ತಿರ, ಹೆದ್ದಾರಿಯ ಅಂಚಿನಲ್ಲಿ. ರಸ್ತೆ ಅಗಲ ಮಾಡಲು ಅಂಗಳಕ್ಕೆ ಗುರುತಿನ ಕಲ್ಲು ನೆಟ್ಟ ವಾರವೇ ಅಮ್ಮ ತನ್ನ ಮಲ್ಲಿಗೆಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿದ್ದಳು. ಮುಂದಿನ ಮಳೆಗಾಲಕ್ಕೆ ಅಂಗಳ ಡಾಂಬರಿನಡಿ ಹೋಯಿತು. ಅಮ್ಮ ಫೋನಿನಲ್ಲಿ ಅಂದಳು, "ನಮ್ಮಂಗಳ ಈಗ ನಿನ್ ಹತ್ರವೇ ಇತ್ ಕಾಣ್."

ಮರುಭೂಮಿಯಲ್ಲಿ ಗಿಡ ಚಳಿಗೆ ನಲುಗುತ್ತದೆ ಎಂದರೆ ಊರಲ್ಲಿ ಯಾರು ನಂಬುತ್ತಾರೆ? ಹೊರಗಿಟ್ಟರೆ ಎಲೆ ಹಪ್ಪಳವಾಗುತ್ತದೆ. ಒಳಗಿಟ್ಟರೆ ಹಗಲೂ ರಾತ್ರಿ ಓಡುವ ಏಸಿಯ ಗಾಳಿಗೆ ಮೊಗ್ಗು ಕಪ್ಪಾಗಿ ಉದುರುತ್ತದೆ. ಊರಲ್ಲಿ ಅಮ್ಮ ಅಕ್ಕಿ ತೊಳೆದ ನೀರು ಚೆಲ್ಲಿದರೆ ಸಾಕಿತ್ತು. ಇಲ್ಲಿ ನಾನು ಕುಂಡದ ಬುಡಕ್ಕೆ ಹಳೆಯ ಸ್ವೆಟರ್ ಸುತ್ತಿದೆ, ಏಸಿಯ ಗಾಳಿಗೆ ರಟ್ಟು ಅಡ್ಡ ಕಟ್ಟಿದೆ, ಕಿಟಕಿಯಿಂದ ಕಿಟಕಿಗೆ ಹೊತ್ತು ತಿರುಗಿದೆ. ಗಂಡ ನಕ್ಕ. ನಗಲಿ. ಎರಡನೆಯ ಏಪ್ರಿಲಿನಲ್ಲಿ ಏಳು ಹೂ ಅರಳಿತು.

ಏಳನ್ನೂ ಕಟ್ಟಿ ನಾನೇ ಮುಡಿದು ಕನ್ನಡದವರ ಹಬ್ಬದ ಕೂಟಕ್ಕೆ ಹೋದೆ. ಅಲ್ಲಿ ಹೆಂಗಸರೆಲ್ಲ ನನ್ನ ಜಡೆ ಮೂಸಿದರು. ನಮ್ಮ ಕಡೆ ಹೂ ಕಟ್ಟಿದವಳು ಮನೆಯಲ್ಲಿರುವ ಪ್ರತಿ ಹೆಂಗಸಿಗೂ ಒಂದು ತುಂಡು ಹರಿದು ಕೊಡಬೇಕು. ನಾನು ಹೊರಡುವಾಗ ವಿಮಲಕ್ಕ ಬಾಚಿದ ತಲೆಯಲ್ಲಿ ಬಾಗಿಲ ಬಳಿ ಕಾದು ನಿಂತಿದ್ದರು. ನಾನು ಕೊಡಲಿಲ್ಲ. ಮರೆತೆನೆಂದು ಹೇಳಬಹುದು, ಆದರೆ ಮರೆತಿರಲಿಲ್ಲ. ಏಳೇ ಹೂ ಇದ್ದದ್ದು.

ಆ ಜುಲೈಯಲ್ಲಿ ಒಂದು ತಿಂಗಳು ಊರಿಗೆ ಹೋಗುವಾಗ ಗಿಡವನ್ನು ಅವರಿಗೇ ಒಪ್ಪಿಸಿದೆ. ಮರಳಿ ಬಂದಾಗ ಕುಂಡದಲ್ಲಿ ಕಂದು ಬಣ್ಣದ ಕಡ್ಡಿಗಳಿದ್ದವು. ಮಣ್ಣು ಮಾತ್ರ ಒದ್ದೆ.

"ಒಂದು ದಿನವೂ ತಪ್ಪಿಸ್ಲಿಲ್ಲ," ಎಂದರು ವಿಮಲಕ್ಕ. "ದಿನಾ ಮಧ್ಯಾಹ್ನ ಊಟ ಆದ ಮೇಲೆ ಚೊಂಬು ತುಂಬ ಹಾಕ್ತಿದ್ದೆ. ಬಾಲ್ಕನಿ ನಲ್ಲಿಯದ್ದು."

ಬಾಲ್ಕನಿಯಲ್ಲಿ ಇರುವುದು ಒಂದೇ ನಲ್ಲಿ, ಟ್ಯಾಂಕಿನಿಂದ ನೇರ ಬರುವುದು. ನನ್ನ ಕೈ ಸುಟ್ಟ ನೀರೇ ಅದು. ಅವರ ಮುಖ ನೋಡಿದೆ, ಅವರು ಕಣ್ಣು ತಪ್ಪಿಸಲಿಲ್ಲ. ಕಟ್ಟಡ ಕಾಯುವ ನಾತೂರ್ ಬಂದು ಕಡ್ಡಿ ಕಿತ್ತು, "ಖಲಾಸ್, ಮ್ಯಾಡಂ" ಎಂದ. ಮುಗಿಯಿತು ಎನ್ನಲು ಇಲ್ಲಿ ಎಲ್ಲರೂ ಆಡುವ ಅರಬ್ಬೀ ಮಾತು ಅದು. ನನ್ನ ಲೆಕ್ಕದಲ್ಲಿ ಏನೂ ಮುಗಿದಿರಲಿಲ್ಲ. ಅಮ್ಮನಿಗೆ ಗಿಡ ಚೆನ್ನಾಗಿದೆ ಎಂದೆ.

ವರ್ಷವಿಡೀ ಅದೇ ಅಡುಗೆಮನೆಯಲ್ಲಿ ಅವರ ಪಕ್ಕ ನಿಂತು ದೋಸೆ ಹೊಯ್ದೆ. ಮರುವರ್ಷ ಸೆಪ್ಟೆಂಬರಿನಲ್ಲಿ ಅಣ್ಣನ ಮಗಳ ಮದುವೆಗೆ ವಿಮಲಕ್ಕ ಊರಿಗೆ ಹೊರಟರು. "ಬೇವಿನ ಗಿಡಕ್ಕೆ ನೀರು ಹಾಕ್ತೀಯಲ್ಲ?" ಎಂದು ಕೇಳುವಾಗ ಅವರ ದನಿ ಸ್ವಲ್ಪ ತಗ್ಗಿತ್ತು.

ಅವರು ಹೋದ ಮರುದಿನ ಮಧ್ಯಾಹ್ನ ಬಾಲ್ಕನಿಯ ನಲ್ಲಿಯಿಂದ ಚೊಂಬು ತುಂಬಿದೆ. ಹಬೆ ಏಳುತ್ತಿತ್ತು. ಹಾಗೇ ನಿಂತು ಯೋಚಿಸಿದೆ. ಗಿಡ ಸತ್ತರೆ ಇವರು ನಾಲ್ಕು ದಿನ ಅತ್ತು, ಕಟ್ಟಡದವರ ಮರುಕವನ್ನೆಲ್ಲ ಬಾಚಿಕೊಂಡು, ಐದನೆಯ ದಿನ ಹೊಸದು ತಂದಾರು. ನನಗೆ ಅಷ್ಟು ಸಾಲದು. ಚೊಂಬಿನ ನೀರನ್ನು ಮೋರಿಗೆ ಚೆಲ್ಲಿದೆ.

ಕರಿಬೇವಿನ ಬುಡದಲ್ಲಿ ಮರಿಗಳು ಎದ್ದಿದ್ದವು. ವಿಮಲಕ್ಕ ಒಂದನ್ನೂ ಯಾರಿಗೂ ಕೊಟ್ಟವರಲ್ಲ. ಬೇರು ಸಮೇತ ಒಂಬತ್ತನ್ನು ಎಬ್ಬಿಸಿ, ಮೊಸರಿನ ಡಬ್ಬಿಗಳಲ್ಲಿ ನೆಟ್ಟು, ಎಸಳು ಕೇಳಿ ಬರುತ್ತಿದ್ದ ಒಂಬತ್ತು ಮನೆಗೂ ಹಂಚಿದೆ. "ವಿಮಲಕ್ಕನೇ ಕೊಡ್ಲಿಕ್ಕೆ ಹೇಳಿದ್ದು," ಎಂದೆ. ಕೆಂಪು ನಲ್ಲಿಯ ಗುಟ್ಟನ್ನೂ ಹೇಳಿಕೊಟ್ಟೆ. ತಾಯಿ ಗಿಡಕ್ಕೆ ದಿನವೂ ಮುಂಜಾನೆ ತಣ್ಣೀರು ಹಾಕಿ, ಸ್ವಂತ ಗಿಡವೆಂಬಂತೆ ಸಾಕಿದೆ.

ವಿಮಲಕ್ಕ ಬಂದಾಗ ಗಿಡ ಎದೆಮಟ್ಟ ಬೆಳೆದು ಹೊಳೆಯುತ್ತಿತ್ತು. ಆದರೆ ಎಸಳು ಕೇಳಿ ಯಾರೂ ಮನೆಯ ಗಂಟೆ ಬಾರಿಸಲಿಲ್ಲ. ಒಂದು ವಾರ, ಎರಡು ವಾರ. ಭಾನುವಾರದಿಂದ ಗುರುವಾರದವರೆಗೆ ಆ ಗಂಟೆಯೇ ಅವರಿಗೆ ಜೊತೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು. ಮರಿ ಕೊಟ್ಟದ್ದಕ್ಕೆ ಲಿಫ್ಟಿನಲ್ಲಿ ಯಾರೋ ಅವರಿಗೆ ಉಪಕಾರ ಹೇಳಿದರಂತೆ.

ಆ ಸಂಜೆ ಒಂದು ಹಿಡಿ ಎಸಳು ಹಿಡಿದು ಅಡುಗೆಮನೆಗೆ ಬಂದರು. "ಬೇವಿನ ಸೊಪ್ಪು ಬೇಕಾ ನಿಂಗೆ?"

"ಬೇಡ ವಿಮಲಕ್ಕ, ಉಂಟು."

ವಿಮಲಕ್ಕ ಎಸಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದರು. "ಗಿಡಕ್ಕೆ ತಣ್ಣೀರೇ ಹಾಕಿದ್ದಿ."

"ನೀವೇ ಕಲಿಸಿದ್ದಲ್ವಾ."

ಅವರು ಎಸಳನ್ನು ಕಟ್ಟೆಯ ಮೇಲಿಟ್ಟು ಹೋದರು. ನನಗೆ ಖುಷಿಯಾಯಿತು, ಇಲ್ಲವೆಂದರೆ ಸುಳ್ಳು. ಆ ರಾತ್ರಿ ಊಟ ರುಚಿಸಿತು.

ಮರುದಿನ ಅಮ್ಮನ ಫೋನು. ರಸ್ತೆಯಿಂದ ಹಿಂದಕ್ಕೆ ಸರಿದು ಕಟ್ಟಿದ ಮನೆಗೆ ಕೊನೆಗೂ ಒಂದು ಸಣ್ಣ ಅಂಗಳವಾಗಿದೆಯಂತೆ. ದಾರಿಹೋಕರು ಅದನ್ನು ದುಬೈ ಮಗಳ ಮನೆ ಎಂದು ಗುರುತಿಸುತ್ತಾರಂತೆ. ಇಲ್ಲಿ ನನ್ನನ್ನು ಎಲ್ಲರೂ ಕುಂದಾಪುರದವಳು ಎನ್ನುತ್ತಾರೆ.

"ಊರಿಗ್ ಬಪ್ಪತಿಗೆ ನಮ್ ಮಲ್ಲಿಗೆದ್ ಒಂದ್ ಕಡ್ಡಿ ತಕಂಡ್ ಬಾ ಮಗಾ," ಎಂದಳು ಅಮ್ಮ. "ಜಾಗ ಮಾಡಿ ಇಟ್ಟಿದೆ."

ಎದುರಿಗೆ ಸ್ವೆಟರ್ ಸುತ್ತಿದ ಬರಿಯ ಕುಂಡವಿತ್ತು.

"ಅಕ್ಕ್ ಅಮ್ಮ," ಎಂದು ತರಲು ಒಪ್ಪಿದೆ, "ತತ್ತೆ."