ಎರಡನೆಯ ತುಂಡು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹಲ್ಲಿನ ಆಸ್ಪತ್ರೆಗೆ ಹತ್ತುವ ಮೆಟ್ಟಿಲಿನ ಪಕ್ಕ, ಚಪ್ಪಲಿ ಮತ್ತು ಬ್ಯಾಗು ರಿಪೇರಿಯ ಒಂದು ಅಂಗಡಿ. ಅದನ್ನು ನಡೆಸುವವಳನ್ನು ಬೀದಿಯವರೆಲ್ಲ ಗಟ್ಟಿಯಮ್ಮ ಎನ್ನುತ್ತಾರೆ. ಹೊಲಿದದ್ದನ್ನೋ ಅಂಟಿಸಿದ್ದನ್ನೋ ಗಿರಾಕಿಗೆ ಕೊಡುವ ಮೊದಲು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಗಟ್ಟಿ ಇದೆ, ಹೋಗಿ" ಎನ್ನುವುದು ಅವಳ ರೂಢಿ. ನಾಲಿಗೆಯೂ ಅಷ್ಟೇ ಗಟ್ಟಿ. ಅರ್ಜೆಂಟು ಎಂದು ಬಂದವರಿಗೆ, ಅಂಟು ನಿಮ್ಮ ಮನೆಯ ಆಳಲ್ಲ, ಅದು ಒಣಗುವಾಗ ಒಣಗುತ್ತದೆ ಎಂದು ಹೇಳಿ ಬರಿಗಾಲಲ್ಲಿ ಕಳಿಸಿದವಳು.

ಗಂಡ ತೀರಿಕೊಂಡಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಮಾವನಿಂದ ಕಲಿತ ಕಸುಬು ಕೈ ಹಿಡಿಯಿತು. ಮಗ ಅಂಟಿನ ವಾಸನೆಯಲ್ಲೇ ಬೆಳೆದ. ಅವನಿಗೆ ಒಂದೇ ಒಂದು ಕೆಟ್ಟ ಗುಣವಿತ್ತು, ಅವಸರ. ಒಮ್ಮೆ ಸರಿಯಾಗಿ ಒಣಗದ ಬೂಟನ್ನು ಪೋಸ್ಟ್‌ಮ್ಯಾನ್‌ಗೆ ಕೊಟ್ಟುಬಿಟ್ಟ. ಆತ ಬೀದಿಯ ತಿರುವು ದಾಟುವುದರೊಳಗೆ ಬೂಟಿನ ಅಟ್ಟೆ ಕಳಚಿ ಚರಂಡಿಗೆ ಬಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಗಟ್ಟಿಯಮ್ಮನಿಗೆ ಹೆಗ್ಗಣ ಹೆಗ್ಗಣವೇ. ನಿನ್ನ ಕೈಯಲ್ಲಿ ಅಂಟಿಸಿದ್ದು ಒಂದೂ ನಿಲ್ಲುವುದಿಲ್ಲ ಎಂದು ಬೀದಿಯೆಲ್ಲ ಕೇಳುವಂತೆ ಬೈದಳು. ಹುಡುಗ ಅಳಲಿಲ್ಲ, ಚರಂಡಿಗೆ ಇಳಿದು ಅಟ್ಟೆಯನ್ನು ಎತ್ತಿ ತಂದ.

ಆ ಹುಡುಗನೇ ಈಗ ದೂರದ ಊರಿನ ಒಂದು ಕಂಪನಿಯಲ್ಲಿ ರಾಕೆಟ್‌ಗೆ ಶಾಖ ತಡೆಯುವ ಹಾಳೆ ಅಂಟಿಸುತ್ತಾನೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಗೋಡೆಯಗಲದ ಟಿವಿ ಕೊಡಿಸಿ, ಅಂಗಡಿಯಲ್ಲೇ ನೇತುಹಾಕಿ ಹೋದ. ಈ ಸಲ ಹಾರುವ ರಾಕೆಟ್‌ನಲ್ಲಿ ಮೂವರು ಮನುಷ್ಯರು ಕೂರುತ್ತಾರೆ, ಅದಕ್ಕೆ ತನ್ನ ಕೈಯ ಹಾಳೆಗಳೂ ಇವೆ, ಆದರೆ ಅವರು ಕ್ಷೇಮವಾಗಿ ವಾಪಸಾಗುವ ತನಕ ಯಾರಿಗೂ ಬಾಯಿ ಬಿಡಬೇಡ ಎಂದು ಫೋನಿನಲ್ಲಿ ಹೇಳಿದ್ದ. ಹಾಗಾಗಿ ಕೇಳಿದವರಿಗೆಲ್ಲ ಅವಳು, ಅಂಟಿನ ಕಂಪನಿಯಲ್ಲಿದ್ದಾನೆ ಎಂದಷ್ಟೇ ಹೇಳುತ್ತಿದ್ದಳು. ಮಹಡಿಯ ಹಲ್ಲಿನ ಡಾಕ್ಟರು ಅದನ್ನು ಕೇಳಿ, ಪಾಪ, ಅಮ್ಮನ ಕಸುಬೇ ಮಗನಿಗೂ ಗಂಟುಬಿತ್ತು ಎಂದು ಮರುಕಪಟ್ಟಿದ್ದರು.

ಈ ಡಾಕ್ಟರು 'ಗಗನ ಗೆಳೆಯರು' ಎಂಬ ಬಳಗದ ಅಧ್ಯಕ್ಷರು. ನಿವೃತ್ತ ಭೂಗೋಳದ ಮೇಷ್ಟ್ರು ಬಳಗದ ತಲೆ, ವಿಮೆ ಏಜೆಂಟು ಅದರ ಕೈಕಾಲು. ಯಾವ ರಾಕೆಟ್ ಎಷ್ಟು ತೂಕ, ಯಾವುದು ಎಲ್ಲಿ ಸುಟ್ಟುಹೋಯಿತು ಎಂಬುದೆಲ್ಲ ಮೂವರಿಗೂ ಬಾಯಿಪಾಠ. ಸುಟ್ಟುಹೋದವುಗಳ ವಿಷಯವಂತೂ ಇನ್ನೂ ಚೆನ್ನಾಗಿ ಗೊತ್ತು. ಅಟ್ಟ ಹತ್ತದವನು ಬೆಟ್ಟ ಹತ್ತಿಯಾನೇ ಎಂಬ ಗಾದೆ ಮಾಡಿದವರು ಇವರನ್ನು ನೋಡಿರಲಿಲ್ಲ. ಮೆಟ್ಟಿಲಿನ ಬಲ್ಬು ಬದಲಿಸಲು ಸ್ಟೂಲ್ ಹತ್ತುವುದಕ್ಕೂ ಹೆದರುವ ಡಾಕ್ಟರು, ಕೂತಲ್ಲೇ ಚಂದ್ರನನ್ನು ಮುಟ್ಟಿ ಬರುತ್ತಿದ್ದರು.

ಹಾರುವ ದಿನ ಬೆಳಿಗ್ಗೆ ಮೂವರೂ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಗಟ್ಟಿಯಮ್ಮನ ಅಂಗಡಿಗೆ ಬಂದರು. ಕಟ್ಟಡದಲ್ಲಿ ಅಷ್ಟು ದೊಡ್ಡ ಟಿವಿ ಇನ್ನೊಂದಿರಲಿಲ್ಲ. ಟಿವಿಯ ಎದುರಿನ ಗೋಡೆಯ ಮೊಳೆಗಳಲ್ಲಿ ರಿಪೇರಿಯಾಗಬೇಕಾದ ಚಪ್ಪಲಿಗಳು ತೂಗುತ್ತಿದ್ದವು. ಅವುಗಳ ಕೆಳಗೇ ಕೂತರು. ಗಟ್ಟಿಯಮ್ಮ ಕೈಯಲ್ಲಿ ಒಂದು ಬ್ಯಾಗಿನ ಹಿಡಿ ಹಿಡಿದುಕೊಂಡಿದ್ದಳು, ಹೊಲಿಯುತ್ತಿರಲಿಲ್ಲ.

ರಾಕೆಟ್ ಎದ್ದಿತು. ಕಡುನೀಲಿ ಆಕಾಶಕ್ಕೆ ಏರುತ್ತಿದ್ದಾಗ ಅದರ ಪಕ್ಕದಿಂದ ಬಿಳಿ ಚಕ್ಕೆಯಂಥದ್ದೇನೋ ಕಳಚಿ ಕೆಳಗೆ ಹೋಯಿತು. ಅವಳೂ ನೋಡಿದಳು. ಹೊರಗೆ ಕಟ್ಟಿದ ಮಂಜುಗಡ್ಡೆಯ ಪದರ ಹೀಗೆ ಉದುರುವುದು ಪ್ರತಿ ಸಲದ ಮಾತೇ ಎಂದು ಟಿವಿಯವನು ಹೇಳಿ ಮುಂದೆ ಹೋದ. ಆದರೆ ಗೆಳೆಯರು ಅಷ್ಟಕ್ಕೆ ಬಿಡುವವರೇ? ಅಲ್ಲಿಯವರೆಗೆ ಆಕಳಿಸುತ್ತಿದ್ದ ಮೇಷ್ಟ್ರ ಮುಖ, ಕಳೆದುಹೋದ ಪರ್ಸು ಸಿಕ್ಕಿದವರ ಮುಖದ ಹಾಗೆ ಅರಳಿತು. ಏನೂ ಆಗದ ಹಾರಾಟದಲ್ಲಿ ಇವರಿಗೇನು ಕೆಲಸ? ಟಿವಿಯಲ್ಲಿ ಅದನ್ನೇ ನಿಧಾನವಾಗಿ ಮತ್ತೆ ತೋರಿಸಿದಾಗ ಏಜೆಂಟು ಮೊಬೈಲಿನಲ್ಲಿ ಫೋಟೋ ಹೊಡೆದ. ಚಕ್ಕೆಯ ಸುತ್ತ ಕೆಂಪು ವೃತ್ತ ಎಳೆದು ತನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದ.

ಅದು ಮಂಜಲ್ಲ, ಶಾಖ ತಡೆಯುವ ಹಾಳೆ ಎಂದು ಡಾಕ್ಟರು ತೀರ್ಪು ಕೊಟ್ಟರು. ಮೇಷ್ಟ್ರು ಹೌದೆಂದು ತಲೆಯಾಡಿಸಿ ಮಾತು ಸೇರಿಸಿದರು.

"ದೊಡ್ಡೋರು ಲೆಕ್ಕ ಎಲ್ಲಾ ಸರಿಯಾಗೇ ಹಾಕಿರ್ತಾರೆ. ಅಂಟಿಸೋನು ಯಾರೋ ಕೂಲಿಯವನು. ಉಗುಳು ಹಚ್ಚಿ ಅಂಟಿಸಿ ಮನೆಗೆ ಹೋಗಿರ್ತಾನೆ."

ಗಟ್ಟಿಯಮ್ಮ ಬ್ಯಾಗಿನ ಹಿಡಿಯನ್ನು ಕೆಳಗಿಟ್ಟಳು. ಬೇರೆ ದಿನವಾಗಿದ್ದರೆ ಮೇಷ್ಟ್ರ ನೀರಿಳಿಸಿ ಕಳಿಸುತ್ತಿದ್ದಳು. ಆದರೆ ಮೂರು ಜೀವ ಮೇಲಿತ್ತು, ಮಗನ ಕೈಯ ಅವಸರವನ್ನು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಹಿಂದಿನ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಫೋನ್ ಮಾಡಿದಳು. ಕೆಲಸದ ಜಾಗದಲ್ಲಿ ಫೋನ್ ಹೊರಗಿಡಿಸುತ್ತಾರೆ, ಮಗ ಎತ್ತಲಿಲ್ಲ. ತಡೆಯಲಾರದೆ ಧ್ವನಿ ಸಂದೇಶ ಕಳಿಸಿದಳು.

"ಮಗಾ, ಏನೋ ಕಳಚಿ ಬಿತ್ತಂತೆ. ನೀನು ಅಂಟಿಸಿದ್ದೇನೋ ಅದು? ಒಣಗೋಕೆ ಬಿಡದೆ ಅವಸರ ಮಾಡಿದ್ಯಾ? ನಿಜ ಹೇಳು."

ಮಧ್ಯಾಹ್ನದ ಹೊತ್ತಿಗೆ ಗೆಳೆಯರ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಡಾಕ್ಟರು ಮಹಡಿಯಲ್ಲಿ ರೋಗಿಯ ಬಾಯಿಗೆ ಹತ್ತಿ ತುರುಕಿ ಕೂರಿಸಿ, ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು. ವಿದೇಶದ ತಜ್ಞನೊಬ್ಬನಿಂದ ಚಿತ್ರ ಬಂದಿದೆಯಂತೆ. ಆ ತಜ್ಞನ ಪ್ರೊಫೈಲಿನಲ್ಲಿ ಮುಖವಿರಲಿಲ್ಲ, ಮುಖದ ಜಾಗದಲ್ಲಿ ರಾಕೆಟ್ ಇತ್ತು. ಅವನೂ ಅದೇ ಚಕ್ಕೆಗೆ ಕೆಂಪು ವೃತ್ತ ಹಾಕಿದ್ದಾನೆ, ಅಂದಮೇಲೆ ನಮ್ಮ ಮಾತು ರುಜುವಾತಾಯಿತು ಎಂದು ಡಾಕ್ಟರು ಕುಣಿದರು. ಅಷ್ಟೇ ಅಲ್ಲ, ಚಿತ್ರದ ಮೂಲೆಯಲ್ಲಿ ಹಳದಿ ವೃತ್ತದೊಳಗೆ ಎರಡನೆಯ ತುಂಡೊಂದನ್ನೂ ಅವನು ಹುಡುಕಿದ್ದ. ಮೊದಲಿನದಕ್ಕಿಂತ ದೊಡ್ಡದು, ಒಂದು ತುದಿಯಲ್ಲಿ ಲೋಹ ಮಿನುಗುತ್ತದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಇದು ಬಾಗಿಲಿನ ಕೊಂಡಿಯೇ ಸರಿ ಎಂದರು. ಏಜೆಂಟು ಮೂಲೆಯಲ್ಲಿ ಕೂತು 'ಅಗಲಿದ ಮೂವರು ವೀರರಿಗೆ ಕಂಬನಿ' ಎಂದು ಬರೆಯುತ್ತಿದ್ದ. ಆ ಮೂವರು ಆಗ ಟಿವಿಯಲ್ಲಿ, ತೇಲುವ ಪೆನ್ನೊಂದನ್ನು ಹಿಡಿಯಲು ಹೋಗಿ ನಗುತ್ತಿದ್ದರು. ಅತ್ತ ಯಾರೂ ತಿರುಗಿ ನೋಡಲಿಲ್ಲ.

ಇನ್ನು ಅವರು ವಾಪಸ್ ಬಂದ ಹಾಗೇ ಎಂದು ಡಾಕ್ಟರು ಮೊಬೈಲನ್ನು ಗಟ್ಟಿಯಮ್ಮನ ಮುಖಕ್ಕೆ ಹಿಡಿದರು. ಅವಳು ಅದನ್ನು ಈಸಿಕೊಂಡಳು. ಹಳದಿ ವೃತ್ತವನ್ನು ನೋಡಿದಳು. ಒಮ್ಮೆ ತಲೆಯೆತ್ತಿ ಎದುರಿನ ಗೋಡೆ ನೋಡಿದಳು. ಮತ್ತೆ ವೃತ್ತ ನೋಡಿದಳು.

"ಡಾಕ್ಟ್ರೇ, ಇದು ನಿಮ್ಮ ಮನೆಯವರ ಚಪ್ಪಲಿ."

ಮೂವರ ಬಾಯೂ ಮೇಲೆ ಕೂತ ರೋಗಿಯ ಬಾಯಂತೆ ತೆರೆದೇ ಉಳಿಯಿತು. ಗಟ್ಟಿಯಮ್ಮ ಎದ್ದು ಗೋಡೆಯ ಮೊಳೆಯಿಂದ ಹಿಮ್ಮಡಿ ಕಿತ್ತ ಹೆಂಗಸರ ಚಪ್ಪಲಿಯೊಂದನ್ನು ತೆಗೆದು, ಹಿತ್ತಾಳೆಯ ಬಕಲ್ಲನ್ನು ಬೆರಳಿನಿಂದ ತಟ್ಟಿ ತೋರಿಸಿದಳು. ಏಜೆಂಟು ಬೆಳಿಗ್ಗೆ ಫೋಟೋ ಹೊಡೆಯುವಾಗ ಟಿವಿಯ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದಿತ್ತು. ಊರೂರು ಸುತ್ತಿ ತಜ್ಞನ ವೇಷ ಹಾಕಿಕೊಂಡು ಬಂದದ್ದು ಅದೇ ಫೋಟೋ, ಕೆಂಪು ವೃತ್ತ ಎಳೆದದ್ದು ಏಜೆಂಟನದೇ ಬೆರಳು. ತಾವೇ ಉಗುಳಿದ್ದನ್ನು ಮಳೆ ಬಂತು ಎಂದು ಅಂಗೈ ಒಡ್ಡಿ ಹಿಡಿದಿದ್ದರು.

ಇಷ್ಟಾದರೂ ನಾಚಿದರೆ ಅವರು ಗೆಳೆಯರಾಗುತ್ತಾರೆಯೇ? ಎರಡನೆಯದು ಹೋಗಲಿ, ಮೊದಲನೆಯ ತುಂಡಂತೂ ಇದೆಯಲ್ಲ ಎಂದು ಮೇಷ್ಟ್ರು ಗೊಣಗಿದರು. ಡಾಕ್ಟರಿಗೆ ಮಹಡಿಯ ರೋಗಿ ಥಟ್ಟನೆ ನೆನಪಾದ. ಏಜೆಂಟು ಕಂಬನಿಯನ್ನು ಅಳಿಸಲಿಲ್ಲ, ಮುಂದಿನ ಸಲಕ್ಕೆ ಬೇಕಾದೀತು ಎಂದು ಹಾಗೇ ಉಳಿಸಿಕೊಂಡ. ಕುರ್ಚಿಗಳ ಸಮೇತ ಮೂವರೂ ಹೊರಟರು. ಗಟ್ಟಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೀರು ಬರುವಷ್ಟು ನಕ್ಕು, ಒರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದಾಗ ಡ್ರಮ್ಮಿನ ಹತ್ತಿರ ತಾನು ಆಡಿದ ಮಾತು ನೆನಪಾಯಿತು. ಫೋನ್ ತೆಗೆದು ನೋಡಿದಳು. ಸಂದೇಶವನ್ನು ಮಗ ಕೇಳಿ ಆಗಿತ್ತು.

ಸಂಜೆ ಅವನೇ ಫೋನ್ ಮಾಡಿದ. ಹಿಂದೆ ಜನರ ಗದ್ದಲ, ಚಪ್ಪಾಳೆ. ಅವನು ಬಾಯಿ ತೆರೆಯುವ ಮೊದಲೇ ಅವಳು ಚಪ್ಪಲಿಯ ಕತೆ ಶುರುಮಾಡಿದಳು, ಡಾಕ್ಟರ ಮುಖ ಹೇಗಾಯಿತು, ಮೇಷ್ಟ್ರು ಕೊಂಡಿ ಎಂದದ್ದು, ಎಲ್ಲ ಒಂದೇ ಉಸಿರಿನಲ್ಲಿ. ಅವನು ನಕ್ಕ, ಆದರೆ ಬೇಗ ನಿಲ್ಲಿಸಿದ. ಗಗನ ಗೆಳೆಯರಿಗಾದರೆ ಅಂಟಿಸಿದವನು ಯಾರೋ ಕೂಲಿಯವನು. ಇವಳಿಗೆ ಅವನು ಯಾರೆಂದು ಗೊತ್ತಿತ್ತು.

"ಉದುರಿದ್ದು ಮಂಜು ಅಂತ ಇಲ್ಲಿ ಎಲ್ರಿಗೂ ಗೊತ್ತಿತ್ತಮ್ಮ," ಎಂದ ಮಗ. "ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ. ನೀನೊಬ್ಳೇ ಕೇಳಿದ್ದು."

ಬೀದಿಯನ್ನೆಲ್ಲ ಆಳಿದ ನಾಲಿಗೆ, ಊಟ ಮಾಡಿದ್ಯಾ ಎಂದಷ್ಟೇ ಕೇಳಿತು. ಆಯ್ತು ಎಂದು ಅವನು ಫೋನ್ ಇಟ್ಟ.